ಮಗುವಿನ ಹೆಸರು ಹೇಳಿ ಡಿಸ್ನಿಗೆ ಹೋಗಬೇಡಿ

ನಾಮಕರಣ, ಅನ್ನಪ್ರಾಶನ, ಚೌಲ, ಅಕ್ಷರಾಭ್ಯಾಸ. ಈ ಪಟ್ಟಿಗೆ ನಮ್ಮ ಅನುಕೂಲಸ್ಥ ಮಧ್ಯಮ ವರ್ಗ ಸದ್ದಿಲ್ಲದೆ ಇನ್ನೊಂದು ಸಂಸ್ಕಾರ ಸೇರಿಸಿಕೊಂಡಿದೆ: ಡಿಸ್ನಿ ದರ್ಶನ. ಅಮೆರಿಕ ಕೈಗೆಟುಕದವರಿಗೆ ಹಾಂಗ್‌ಕಾಂಗ್ ಇದೆ. ಅದೂ ಬೇಡವೆಂದರೆ ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್, ದುಬೈ-ಅಬುಧಾಬಿಯ ಏಸಿ ಪಾರ್ಕುಗಳು. ಮಗುವಿಗೆ ಎರಡು ತುಂಬಿತೋ ಇಲ್ಲವೋ, ನೆಂಟರಿಷ್ಟರು ಶುರುಮಾಡುತ್ತಾರೆ: "ಇನ್ನೂ ಎಲ್ಲೂ ಕರ್ಕೊಂಡ್ ಹೋಗಿಲ್ವಾ?" ಅಜ್ಜಿ ಮನೆಗೆ ಹೋಗಿ ಬಂದಿದ್ದೆಲ್ಲ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿಗೆ ಸೀಲು ಬೀಳಬೇಕು.

ಇಷ್ಟು ಖರ್ಚು ಯಾಕಪ್ಪಾ ಅಂತ ಕೇಳಿ ನೋಡಿ. ಉತ್ತರ ಸಿದ್ಧವಾಗಿರುತ್ತದೆ: "ನಮಗೇನಿದೆ ಅಲ್ಲಿ? ಎಲ್ಲಾ ಮಗೂಗೋಸ್ಕರ." ಈ ಮಾತಿನ ಮುಂದೆ ಎಲ್ಲರೂ ತೆಪ್ಪಗಾಗುತ್ತಾರೆ. ಗಂಡ ಹೊಸ ಬೈಕಿಗೆ ಇಷ್ಟು ಸುರಿದರೆ ಮನೆಯಲ್ಲಿ ಮಹಾಭಾರತ, ಹೆಂಡತಿ ಒಡವೆಗೆ ಸುರಿದರೆ ರಾಮಾಯಣ. ಮಗುವಿನ ಹೆಸರು ಬಂತೆಂದರೆ ಮಾತ್ರ ಲೆಕ್ಕ ಕೇಳುವವರೇ ಇಲ್ಲ. ಹಾಗಾಗಿ ನಾನು ಕೇಳುತ್ತೇನೆ. ಎರಡೂವರೆ ವರ್ಷದ ಮಗುವನ್ನು ಸಮುದ್ರ ದಾಟಿಸಿ ಪಾರ್ಕಿಗೆ ಒಯ್ಯುವುದು ಮಗುವಿಗಾಗಿ ಎಂಬುದು ಶುದ್ಧ ಸುಳ್ಳು. ಆ ಸುಳ್ಳನ್ನು ಪ್ರೀತಿಯೆಂದು ಕರೆದುಕೊಂಡು ನಾವು ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇವೆ.

ಈ ಪಾರ್ಕುಗಳು ಹುಟ್ಟಿದ ಕಥೆಯನ್ನೇ ತೆಗೆದುಕೊಳ್ಳಿ. ಸ್ವತಃ ವಾಲ್ಟ್ ಡಿಸ್ನಿ ಹೇಳಿಕೊಂಡಿದ್ದ ಕಥೆ ಅದು. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳು ಮೆರ್ರಿ-ಗೋ-ರೌಂಡಿನ ಮರದ ಕುದುರೆ ಏರಿ ಸುತ್ತುತ್ತಿದ್ದರಂತೆ. ಅಪ್ಪ ಪಕ್ಕದ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದನಂತೆ. ದೊಡ್ಡವರೂ ಮಕ್ಕಳೂ ಕೂಡಿ ಮಜಾ ಮಾಡುವಂಥ ಜಾಗ ಒಂದಿರಬೇಕಲ್ಲ ಎಂದು ಅವನಿಗೆ ಅಲ್ಲಿ ಹೊಳೆಯಿತು. ಕಿತ್ತಳೆ ತೋಟಗಳಿದ್ದ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. ಗ್ರಿಫಿತ್ ಪಾರ್ಕಿನ ಬೆಂಚೊಂದನ್ನು ಅಲ್ಲಿ ಪೂಜ್ಯ ವಸ್ತುವಿನಂತೆ ಪ್ರದರ್ಶನಕ್ಕಿಟ್ಟಿದ್ದಾರೆ. ಅಪ್ಪನ ಮಮತೆಯ ಕಥೆಯೆಂದು ಎಲ್ಲರೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಸ್ವಲ್ಪ ನಿಂತು ಯೋಚಿಸಿ. ಆ ಹುಡುಗಿಯರಿಗೆ ಏನು ಕಡಿಮೆಯಾಗಿತ್ತು? ಕುದುರೆ ಇತ್ತು, ತಿರುಗುತ್ತಿತ್ತು, ಅವರು ನಗುತ್ತಿದ್ದರು. ಹೊತ್ತು ಹೋಗದೆ ಕೂತಿದ್ದವನು ಬೆಂಚಿನ ಮೇಲಿದ್ದವನು. ಥೀಮ್ ಪಾರ್ಕ್ ಎಂಬುದು ದೊಡ್ಡವರ ಬೇಜಾರಿಗೆ ಕಂಡುಹಿಡಿದ ಮದ್ದು. ಎಪ್ಪತ್ತು ವರ್ಷದಿಂದ ಅದನ್ನು ಮಕ್ಕಳ ಚೀಟಿಯಲ್ಲಿ ಬರೆಸಿಕೊಳ್ಳುತ್ತಿದ್ದೇವೆ, ಅಷ್ಟೆ.

ಇನ್ನು ಟಿಕೆಟ್ಟಿನ ಗಣಿತ. ಡಿಸ್ನಿಯಲ್ಲಿ ಮೂರು ತುಂಬದ ಮಗುವಿಗೆ ಪ್ರವೇಶ ಪುಕ್ಕಟೆ, ಸಿಂಗಪುರದ ಪಾರ್ಕಿನಲ್ಲಿ ನಾಲ್ಕು ತುಂಬದ ಮಗುವಿಗೆ. ಎರಡು ತುಂಬದಿದ್ದರೆ ವಿಮಾನದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಅಗ್ಗದಲ್ಲಿ ಒಯ್ಯಬಹುದು. ಹಾಗಾಗಿ ವಾಟ್ಸಾಪ್ ಗುಂಪುಗಳಲ್ಲಿ ಅನುಭವಸ್ಥರ ಉಪದೇಶ ಹರಿದಾಡುತ್ತದೆ: "ಎರಡರೊಳಗೆ ಹೋಗಿಬಿಡಿ, ತುಂಬಾ ಉಳಿಯುತ್ತೆ." ನಿಲ್ಲಿಸಿದ ಕಾರಿಗೂ ದುಡ್ಡು ಕೀಳುವ ಕಂಪನಿ ಮಗುವನ್ನು ಮಾತ್ರ ಪುಕ್ಕಟೆ ಒಳಗೆ ಬಿಡುತ್ತದೆ ಎಂದರೆ ಅದಕ್ಕೆ ಶಿಶುಪ್ರೇಮ ಉಕ್ಕಿದೆಯೆಂದು ಅರ್ಥವೇ? ಆ ವಯಸ್ಸಿನ ಗಿರಾಕಿಗೆ ತನ್ನಲ್ಲಿ ಮಾರಲು ಹೆಚ್ಚೇನೂ ಇಲ್ಲವೆಂಬುದು ಅದಕ್ಕೆ ಗೊತ್ತು. ಮಗು ಬಂದರೆ ಜೊತೆಗೆ ನಾಲ್ಕು ದೊಡ್ಡ ಟಿಕೆಟ್ ಬರುತ್ತವೆ ಎಂಬುದೂ ಗೊತ್ತು.

ಏನು ಸಿಗುತ್ತದೆ ಆ ಮಗುವಿಗೆ? ಪ್ರತಿ ದೊಡ್ಡ ಆಟದ ಬಾಗಿಲಲ್ಲೂ ಒಂದು ಅಳತೆಗೋಲು ಕಾದು ನಿಂತಿರುತ್ತದೆ. ಅನಾಹೈಮ್‌ನ ಸ್ಪೇಸ್ ಮೌಂಟನ್‌ಗೆ 102 ಸೆಂಟಿಮೀಟರ್ ಎತ್ತರವಿರಬೇಕು, ಫ್ಲೋರಿಡಾದ ಡಿಸ್ನಿ ಪಾರ್ಕಿನ ಸ್ಪೇಸ್ ಮೌಂಟನ್‌ಗೆ 112, ಅಲ್ಲಿನ ಟ್ರಾನ್ ಆಟಕ್ಕೆ 122. ಸಿಂಗಪುರದ ಟ್ರಾನ್ಸ್‌ಫಾರ್ಮರ್ಸ್‌ಗೆ 102, ಮಮ್ಮಿ ಎಂಬ ಆಟಕ್ಕೆ 122, ಬ್ಯಾಟಲ್‌ಸ್ಟಾರ್ ಗೆಲಾಕ್ಟಿಕಾಗೆ 125. ನಾಲ್ಕು ತುಂಬಿದರೂ ನಮ್ಮ ಎಷ್ಟೋ ಮಕ್ಕಳು 102 ಮುಟ್ಟಿರುವುದಿಲ್ಲ. ಬ್ರೋಷರಿನಲ್ಲಿ ಯಾವ ಚಿತ್ರಗಳನ್ನು ತೋರಿಸಿ ನಿಮ್ಮಿಂದ ಮುಂಗಡ ಪಡೆದರೋ ಅವುಗಳಲ್ಲಿ ಬಹುಪಾಲು ಆಟಗಳ ಬಾಗಿಲಿಂದ ನಿಮ್ಮ ಮಗುವನ್ನು ಹಿಂದಕ್ಕೆ ಕಳಿಸುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಸರಿಯಿಲ್ಲದ್ದು ಗೊತ್ತಿದ್ದೂ ಒಯ್ದ ಅಪ್ಪ-ಅಮ್ಮನದು. ಆಮೇಲೆ ನಡೆಯುವುದು ಪಾಳಿ: ಅಪ್ಪ ಆಟಕ್ಕೆ ಹೋದಾಗ ಅಮ್ಮ ಹೊರಗೆ ಮಗುವನ್ನು ಆಡಿಸುತ್ತಾಳೆ, ಅಮ್ಮ ಹೋದಾಗ ಅಪ್ಪ. ಇದಕ್ಕೆಂದೇ ಪಾರ್ಕುಗಳಲ್ಲಿ ಅಧಿಕೃತ ವ್ಯವಸ್ಥೆ ಇದೆ. ಮಗುವಿಗೋಸ್ಕರ ಬಂದವರು ಮಗುವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ತಾವು ಆಡಿ ಬರುವ ವ್ಯವಸ್ಥೆ!

"ಇರಲಿ ಬಿಡಿ, ನೆನಪು ಉಳಿಯುತ್ತಲ್ಲ" ಎನ್ನುತ್ತಾರೆ. ಯಾರ ತಲೆಯಲ್ಲಿ? ಮೂರು-ಮೂರೂವರೆ ವರ್ಷಕ್ಕಿಂತ ಹಿಂದಿನ ಘಟನೆಗಳು ಬಹುತೇಕ ಜನರಿಗೆ ದೊಡ್ಡವರಾದ ಮೇಲೆ ನೆನಪಿರುವುದಿಲ್ಲ. ಮನಶ್ಶಾಸ್ತ್ರದಲ್ಲಿ ಇದು ಒಂದು ಶತಮಾನಕ್ಕೂ ಹಳೆಯ, ಎಲ್ಲರೂ ಒಪ್ಪಿದ ಸಂಗತಿ. ಮಗುವಿಗೆ ಉಳಿಯುವುದು ಫೋಟೊ, ಆ ಫೋಟೊ ತೋರಿಸಿ ನೀವು ಹೇಳಿಕೊಟ್ಟ ಕಥೆ. "ನೋಡು, ಇದು ನೀನು, ಎಷ್ಟು ಖುಷಿಯಾಗಿದ್ದೆ!"

ಆ ಖುಷಿ ಹೇಗೆ ತಯಾರಾಗುತ್ತದೆ ಎಂಬುದನ್ನು ಅಂಥ ಒಂದು ಪಾರ್ಕಿನಲ್ಲಿ ನಿಂತು ನೋಡಿದ್ದೇನೆ. ದೊಡ್ಡ ತಲೆಯ ಕಾರ್ಟೂನ್ ವೇಷಧಾರಿಯೊಡನೆ ಫೋಟೊ ತೆಗೆಸಲು ಸಾಲು. ಹಿಂದೆ ಕನ್ನಡ ಕೇಳಿಸಿತು. ನಮ್ಮ ಕಡೆಯದೇ ಕುಟುಂಬ. ಅಮ್ಮನ ಕೈಯಲ್ಲಿ ಎರಡು-ಎರಡೂವರೆಯ ಹೆಣ್ಣುಮಗು, ತಲೆಗೆ ಅಲ್ಲೇ ಕೊಂಡ ಕಿವಿಗಳ ಪಟ್ಟಿ, ಕೆನ್ನೆಯ ಮೇಲೆ ಬೆವರುಸಾಲೆ. ಸರದಿ ಬಂತು. ಆಳೆತ್ತರದ ವೇಷ ಬಗ್ಗಿ ಎರಡೂ ಕೈ ಚಾಚಿತು. ಮಗು ಒಂದು ಕ್ಷಣ ಉಸಿರು ಕಟ್ಟಿ, ಆಮೇಲೆ ಕಿರುಚಿ, ಅಮ್ಮನ ಕುತ್ತಿಗೆಗೆ ಎರಡೂ ಕೈಯಲ್ಲಿ ಜೋತುಬಿತ್ತು. ಅಪ್ಪ ಫೋನು ಹಿಡಿದು ಕೂಗುತ್ತಿದ್ದ: "ಪುಟ್ಟಾ, ಇಲ್ ನೋಡು, ಇಲ್ ನೋಡು... ನಗು ಕಂದಾ... ಲೇ, ಸ್ವಲ್ಪ ಅವಳ ಮುಖ ಈ ಕಡೆ ತಿರುಗಿಸೇ." ಅಮ್ಮ ಮಗುವಿನ ಗದ್ದ ಹಿಡಿದು ತಿರುಗಿಸಿದಳು. ಹಿಂದಿದ್ದವರು ಗಡಿಬಿಡಿ ಮಾಡುತ್ತಿದ್ದರು. ಚೀಲದಿಂದ ಚಾಕೊಲೇಟ್ ಹೊರಬಂತು, ಅಳು ಬಿಕ್ಕಳಿಕೆಗೆ ಇಳಿಯಿತು, ಆ ನಡುವಿನ ಯಾವುದೋ ಅರೆಕ್ಷಣ ಫೋಟೊ ಸಿಕ್ಕಿತು. ಸಂಜೆ ಅದು ಸ್ಟೇಟಸ್ಸಿಗೆ ಹೋಗಿರುತ್ತದೆ, ಕೆಳಗೆ ನಲವತ್ತು ಹೃದಯಗಳು ಬಿದ್ದಿರುತ್ತವೆ. ಎರಡು ವರ್ಷದ ಮಗು ಮುಖವಾಡಕ್ಕೆ ಹೆದರುತ್ತದೆ. ಯಕ್ಷಗಾನದ ರಾಕ್ಷಸ ವೇಷ ರಂಗಕ್ಕೆ ಬಂದಾಗ ಅತ್ತರೆ ನಾವೇ ಎತ್ತಿಕೊಂಡು ಆಚೆ ಹೋಗುತ್ತೇವೆ. ಟಿಕೆಟ್ ಕೊಂಡು ನೋಡುವ ರಾಕ್ಷಸನ ಎದುರು ಮಾತ್ರ ಮಗು ನಗಲೇಬೇಕೆ?

ಈ ಸುಸ್ತು, ಈ ಅಳು ಒಂದು ದಿನದ್ದು, ಹೋಗಲಿ ಎನ್ನೋಣ. ಅಮೆರಿಕಕ್ಕೆ ಹೋದರೆ ಇನ್ನೊಂದಿದೆ: ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಮಗುವಿನ ಮೈ ಇನ್ನೂ ಬೆಂಗಳೂರಿನ ಮಧ್ಯರಾತ್ರಿಯಲ್ಲಿರುವಾಗ ನೀವು ಅದನ್ನು ಉರಿಬಿಸಿಲಲ್ಲಿ ಸ್ಟ್ರೋಲರಿಗೆ ಬಿಗಿದು ತಳ್ಳುತ್ತಿರುತ್ತೀರಿ. ರಾತ್ರಿ ಪಟಾಕಿ ಬಿರುಸು ಶುರುವಾಗುವ ಹೊತ್ತಿಗೆ ಅದು ನಿದ್ದೆ ಹೋಗಿರುತ್ತದೆ, ಅಥವಾ ಸದ್ದಿಗೆ ಬೆಚ್ಚಿ ಎದ್ದಿರುತ್ತದೆ. ಇದೂ ಹೋಗಲಿ.

ಹೋಗಲಿ ಎನ್ನಲಾಗದ್ದು ಸಾಲಿನ ವಿಷಯ. 1955ರಲ್ಲಿ ಡಿಸ್ನಿಲ್ಯಾಂಡಿನ ಪ್ರವೇಶ ದೊಡ್ಡವರಿಗೆ ಒಂದು ಡಾಲರ್, ಮಕ್ಕಳಿಗೆ ಐವತ್ತು ಸೆಂಟ್. ಆಟಗಳಿಗೆ ಬೇರೆ ದುಡ್ಡು. ಒಳಗೆ ಹೋದ ಮೇಲೆ ಸಾಲು ಮಾತ್ರ ಎಲ್ಲರಿಗೂ ಒಂದೇ. 1999ರಲ್ಲಿ ಫಾಸ್ಟ್‌ಪಾಸ್ ಬಂತು: ಹೊತ್ತು ಕಾದಿರಿಸಿಕೊಂಡು ಆಮೇಲೆ ಬನ್ನಿ, ಅದಕ್ಕೂ ಹಣವಿಲ್ಲ. 2021ರಲ್ಲಿ ಅಮೆರಿಕದ ಪಾರ್ಕುಗಳಲ್ಲಿ ಅದನ್ನು ಕಿತ್ತುಹಾಕಿ ಕಾಸು ಕೊಟ್ಟವರಿಗೆ ಲೈಟ್ನಿಂಗ್ ಲೇನ್ ತೆರೆದರು. 2024ರ ಕೊನೆಗೆ ಅದರ ಮೇಲೆ ಪ್ರೀಮಿಯರ್ ಪಾಸ್ ಬಂತು. ಫ್ಲೋರಿಡಾದಲ್ಲಿ ಆಗ ಅದಕ್ಕೆ ತಲೆಗೆ, ದಿನಕ್ಕೆ, 129ರಿಂದ 449 ಡಾಲರ್ ಇತ್ತು. ಪ್ರವೇಶ ಟಿಕೆಟ್ ಬೇರೆ. ಸಿಂಗಪುರದಲ್ಲಿ ಇದರ ಹೆಸರು ಎಕ್ಸ್‌ಪ್ರೆಸ್ ಪಾಸ್, ಜನಜಂಗುಳಿಯ ದಿನ ದರ ಏರುತ್ತದೆ. ಅಂದರೆ ಕಂಪನಿ ಮೊದಲು ಆಟ ಮಾರಿತು, ಈಗ ಕಾಯುವಿಕೆಯನ್ನು ಮಾರುತ್ತಿದೆ. ಸಾಮಾನ್ಯ ಸಾಲು ಉದ್ದವಾದಷ್ಟೂ ಪಕ್ಕದ ಸಾಲಿನ ಬೆಲೆ ಏರುವ ವ್ಯಾಪಾರ ಇದು. 2024ರ ಆರ್ಥಿಕ ವರ್ಷದಲ್ಲಿ ಡಿಸ್ನಿಯ ಪಾರ್ಕು, ಹಡಗು, ಸರಕುಗಳ ವಿಭಾಗದ ಕಾರ್ಯಾಚರಣೆ ಲಾಭ 900 ಕೋಟಿ ಡಾಲರ್ ದಾಟಿತ್ತು. ಎಲ್ಲ ವಿಭಾಗಗಳ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು.

ಆ ಸಾಲಿನಲ್ಲಿ ನಿಂತ ಐದು ವರ್ಷದ ಹುಡುಗನಿಗೆ ಏನು ಕಾಣುತ್ತದೆ? ಹಗ್ಗದ ಆಚೆ, ತನ್ನಷ್ಟೇ ಎತ್ತರದ ಇನ್ನೊಬ್ಬ ಹುಡುಗ ನಿಲ್ಲದೆ ನಡೆದುಹೋಗುತ್ತಾನೆ.

"ಅಪ್ಪಾ, ಅವ್ನು ಯಾಕೆ ಮುಂದೆ ಹೋಗ್ತಿದಾನೆ?"

"ಅವ್ರದ್ದು ಬೇರೆ ಟಿಕೆಟ್ಟು ಪುಟ್ಟಾ."

"ನಮ್ದ್ಯಾಕೆ ಬೇರೆ ಇಲ್ಲ?"

ಕೊಡಿ ಉತ್ತರ. ದುಡ್ಡಿಲ್ಲ ಎನ್ನುತ್ತೀರೋ, ಇದೆ ಆದರೆ ಅದಕ್ಕಲ್ಲ ಎನ್ನುತ್ತೀರೋ? ಬಹಳ ಜನ ಅಪ್ಪಂದಿರು ಮೂರನೆಯ ದಾರಿ ಹಿಡಿಯುತ್ತಾರೆ: ಅಲ್ಲೇ ಫೋನು ತೆಗೆದು ಪಾಸು ಕೊಳ್ಳುತ್ತಾರೆ. ಆಗ ಹುಡುಗ ಹಗ್ಗದ ಆ ಕಡೆಯವನಾಗುತ್ತಾನೆ, ಇನ್ನೂ ಕೆಟ್ಟ ಪಾಠ ಕಲಿಯುತ್ತಾನೆ. ಹಣವಿದ್ದರೆ ನಾಚಿಕೆಯಿಲ್ಲದೆ ಎಲ್ಲರನ್ನೂ ದಾಟಿ ಹೋಗಬಹುದು, ಎಲ್ಲರೂ ಅದನ್ನು ನೋಡಿಕೊಂಡು ಸುಮ್ಮನಿರುತ್ತಾರೆ, ಅಪ್ಪನಿಗೆ ಅದರಲ್ಲಿ ಹೆಮ್ಮೆಯಿದೆ. ತಿರುಪತಿಯ ಮುನ್ನೂರು ರೂಪಾಯಿ ದರ್ಶನದ ಸಾಲನ್ನು ಬಲ್ಲ ನಮಗೆ ಇದರಲ್ಲಿ ಹೊಸತೇನೂ ಕಾಣಿಸದಿರಬಹುದು. ದೇವರ ಮುಂದೆಯೇ ಒಪ್ಪಿಕೊಂಡವರು ಮಿಕ್ಕಿಯ ಮುಂದೆ ಯಾಕೆ ತಕರಾರು ಮಾಡಿಯಾರು? ಆದರೆ ಶಾಲೆಯಲ್ಲಿ ಮೊದಲ ದಿನ ಅದೇ ಮಗುವಿಗೆ "ಸಾಲಾಗಿ ನಿಲ್ಲು, ನುಗ್ಗಬಾರದು" ಎಂದು ಹೇಳಿಕೊಡುವಾಗ ಮೇಷ್ಟ್ರ ಗತಿ ಏನು?

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಈ ಸಂಸ್ಕಾರಕ್ಕೆ ಇನ್ನೊಬ್ಬರು ಬಲಿ. ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಶಿವಮೊಗ್ಗದಿಂದ, ದಾವಣಗೆರೆಯಿಂದ ಬಂದ ಅಜ್ಜಿ. "ಅಮ್ಮನಿಗೂ ತೋರಿಸಿದ ಹಾಗಾಯ್ತು" ಎಂದು ಅವರನ್ನೂ ಫ್ಲೋರಿಡಾದ ಒರ್ಲಾಂಡೊಗೆ ಹೊರಡಿಸುತ್ತಾರೆ. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮಗ ಕೊಡಿಸಿದ ಬಿಳಿ ಶೂ. ಸ್ಟ್ರೋಲರುಗಳನ್ನು ನಿಲ್ಲಿಸುವ ಜಾಗದ ಪಕ್ಕ ಒಂದು ಕಟ್ಟೆ ಹುಡುಕಿ ಅವರನ್ನು ಕೂರಿಸುತ್ತಾರೆ. ತೊಡೆಯ ಮೇಲೆ ಮಲಗಿದ ಮಗು, ಪಕ್ಕದಲ್ಲಿ ಪುಳಿಯೋಗರೆ ಡಬ್ಬಿ, ಎಲ್ಲರ ಚೀಲಗಳು. ಮಗ-ಸೊಸೆ ಸಾಲಿಗೆ ಹೋದರು. ಮಂಡಿನೋವಿನ ಅಜ್ಜಿ ಮೂತ್ರಕ್ಕೆ ಹೋಗಬೇಕೆಂದರೂ ಮಗುವನ್ನು ಬಿಟ್ಟು ಏಳುವಂತಿಲ್ಲ. ಅವರ ಟಿಕೆಟ್ಟಿಗೂ ಪೂರ್ತಿ ದುಡ್ಡು ಕೊಟ್ಟಿದ್ದಾರೆ. ಇಂಥ ಪ್ರವಾಸದ ನಂತರ ಊರಿಗೆ ಬಂದ ಎಷ್ಟು ಅಜ್ಜಿಯರು "ಚೆನ್ನಾಗಿತ್ತಪ್ಪ" ಎಂದು ಮಾತು ಮುಗಿಸುತ್ತಾರೆ, ಗಮನಿಸಿದ್ದೀರಾ?

ಇನ್ನು "ಎಕ್ಸ್‌ಪೋಷರ್" ಎಂಬ ವಾದ. ಮಗುವಿಗೆ ಪ್ರಪಂಚ ಗೊತ್ತಾಗಬೇಕಂತೆ. ಯಾವ ಪ್ರಪಂಚ? ಸಿಂಗಪುರಕ್ಕೆ ಹೋಗಿ ಸೆಂಟೋಸಾದ ಪಾರ್ಕಿನಲ್ಲಿ ನೀವು ತೋರಿಸುವುದು ಹಾಲಿವುಡ್ಡಿನ ನಕಲು, ನ್ಯೂಯಾರ್ಕಿನ ನಕಲು, ಪ್ರಾಚೀನ ಈಜಿಪ್ಟಿನ ನಕಲು. ಸಿಂಗಪುರ ಅಲ್ಲಿ ಎಲ್ಲಿದೆ? ಹಾಂಗ್‌ಕಾಂಗ್‌ಗೆ ಹೋಗಿ ತೋರಿಸುವುದು 2023ರಲ್ಲಿ ತೆರೆದ ಫ್ರೋಜನ್ ಊರನ್ನು, ಟಿ.ವಿ.ಯಲ್ಲಿ ಮಗು ಕಂಠಪಾಠ ಮಾಡಿಕೊಂಡಿರುವ ಅದೇ ಎಲ್ಸಾಳನ್ನು. ಮನೆಯ ಸೋಫಾದಿಂದ ಎಬ್ಬಿಸಿ, ಸಾವಿರಾರು ಮೈಲಿ ಹಾರಿಸಿ, ಅದೇ ಕಾರ್ಯಕ್ರಮದ ಮುಂದೆ ಕೂರಿಸುವುದಕ್ಕೆ ಪ್ರಪಂಚಜ್ಞಾನ ಎಂಬ ಹೆಸರು.

ಅದೇ ಸಿಂಗಪುರದ ಬೊಟಾನಿಕ್ ಗಾರ್ಡನ್ಸ್ 2015ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಅದರೊಳಗೆ ಜೇಕಬ್ ಬಲ್ಲಾಸ್ ಮಕ್ಕಳ ತೋಟವಿದೆ. ಪ್ರವೇಶ ಪೂರ್ತಿ ಉಚಿತ. ಅಲ್ಲೊಂದು ನಿಯಮ: ಮಗು ಜೊತೆಗಿಲ್ಲದೆ ದೊಡ್ಡವರು ಒಳಗೆ ಕಾಲಿಡುವಂತಿಲ್ಲ. ಡಿಸ್ನಿಯಲ್ಲಿ ಮಗುವಿನ ಎತ್ತರ ಅಳೆದು ತಡೆದರೆ ಇಲ್ಲಿ ಮಗುವಿಲ್ಲದ ದೊಡ್ಡವರನ್ನು ತಡೆಯುತ್ತಾರೆ. ಮಕ್ಕಳಿಗೋಸ್ಕರ ಮಾಡಿದ ಜಾಗ ಅಂದರೆ ಹೀಗಿರುತ್ತದೆ. ಗಾರ್ಡನ್ಸ್ ಬೈ ದ ಬೇಯಲ್ಲಿ ಇನ್ನೊಂದು ಮಕ್ಕಳ ತೋಟವಿದೆ. ಅಲ್ಲಿ ನೀರಾಟ, ಅದೂ ಪುಕ್ಕಟೆ. ನಿಮ್ಮ ನಾಲ್ಕು ರಾತ್ರಿ-ಐದು ಹಗಲಿನ ಪ್ಯಾಕೇಜಿನ ಹಾಳೆ ತೆಗೆದು ನೋಡಿ, ಇವುಗಳಲ್ಲಿ ಒಂದಾದರೂ ಇದೆಯೇ? ಪುಕ್ಕಟೆ ಜಾಗಕ್ಕೆ ಕಮಿಷನ್ ಎಲ್ಲಿಂದ ಹುಟ್ಟಬೇಕು?

ದುಡ್ಡಿನ ಮಾತು ತೆಗೆದರೆ ಜಿಪುಣ ಎನ್ನುತ್ತಾರೆ, ಆದರೂ ತೆಗೆಯಬೇಕು. 2024ರ ಅಕ್ಟೋಬರಿನಲ್ಲಿ ಡಿಸ್ನಿಲ್ಯಾಂಡ್ ತನ್ನ ಅತಿ ಬೇಡಿಕೆಯ ದಿನಗಳಿಗೆ ದೊಡ್ಡವರ ಒಂದು ದಿನದ ಟಿಕೆಟ್ಟನ್ನು 206 ಡಾಲರ್ ಮಾಡಿತು. ಆಗಿನ ದರದಲ್ಲಿ ಹದಿನೇಳು ಸಾವಿರ ರೂಪಾಯಿ. ವಿಮಾನ, ವೀಸಾ, ಹೋಟೆಲು ಇನ್ನೂ ಬಂದಿಲ್ಲ. ಇದನ್ನು ಇಎಂಐ ಮೇಲೆ ಮಾಡುವವರಿದ್ದಾರೆ. ಮಗು ಮರೆತ ಎಷ್ಟೋ ತಿಂಗಳ ಮೇಲೂ ಕಂತು ಕಟ್ಟುತ್ತಿರುತ್ತಾರೆ. 2023ರ ಅಕ್ಟೋಬರಿನಿಂದ ಏಳು ಲಕ್ಷ ದಾಟಿದ ವಿದೇಶ ಪ್ಯಾಕೇಜಿಗೆ ಸರ್ಕಾರ ಶೇ. 20ರಷ್ಟು ಟಿಸಿಎಸ್ ತೆರಿಗೆ ಹಿಡಿಯತೊಡಗಿದಾಗ ಮಧ್ಯಮ ವರ್ಗದ ಕನಸಿಗೆ ಕಲ್ಲು ಬಿತ್ತೆಂದು ಎಷ್ಟು ಗೋಳಾಟ! ಟಿಕೆಟ್ ದರ ವರ್ಷ ವರ್ಷ ಏರುವಾಗ ಅದೇ ಬಾಯಿಗಳು "ವರ್ತ್ ಇಟ್" ಎನ್ನುತ್ತವೆ.

ಕೊನೆಗೆ ಉಳಿಯುವುದು ಒಂದೇ ಪ್ರಾಮಾಣಿಕ ವಾದ: "ನಮಗಂತೂ ಚಿಕ್ಕಂದಿನಲ್ಲಿ ಸಿಗಲಿಲ್ಲ." ಇದು ನಿಜ. ದೂರದರ್ಶನದಲ್ಲಿ ಡಕ್‌ಟೇಲ್ಸ್ ನೋಡಿ ಬೆಳೆದ ತಲೆಮಾರಿಗೆ ಆ ಕೋಟೆಯ ಮುಂದೆ ಒಮ್ಮೆ ನಿಲ್ಲಬೇಕೆಂಬ ಆಸೆ ಇರುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆಸೆ ನಿಮ್ಮದು ತಾನೇ? ಹಾಗಾದರೆ ಹಾಗೆಯೇ ಹೇಳಿ. ಮೂವತ್ತೈದು ವರ್ಷದ ಗಂಡಸು "ನನಗೆ ಮಿಕ್ಕಿ ಮೌಸ್ ನೋಡಬೇಕು" ಎಂದು ಹೇಳಲು ನಾಚಿ ಎರಡು ವರ್ಷದ ಮಗುವನ್ನು ಮುಂದೆ ಮಾಡುವುದಿದೆಯಲ್ಲ, ಅದು ನಾಚಿಕೆಗೇಡು. ಎರಡು ವರ್ಷದ ಮಗು ಯಾವತ್ತೂ ವೀಸಾ ಕೇಳಿಲ್ಲ.

ಆದ್ದರಿಂದ, ಮಗುವಿಗೆ ಏಳೆಂಟು ವರ್ಷವಾಗುವ ತನಕ ಈ ಪ್ರವಾಸವನ್ನು ಖಡಾಖಂಡಿತವಾಗಿ ಬೇಡ ಎನ್ನಿ. ಆಗ ಅದೇ ಬಾಯಿ ಬಿಟ್ಟು ಕೇಳಿದರೆ, ಎತ್ತರವೂ ಇದ್ದರೆ, ನಿಮ್ಮ ಕಿಸೆಯೂ ಒಪ್ಪಿದರೆ ನೋಡೋಣ. ನಿಮಗೇ ಹೋಗಬೇಕೆನಿಸಿದರೆ ಗಂಡ-ಹೆಂಡತಿ ಇಬ್ಬರೇ ಹೋಗಿ ಬನ್ನಿ, ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಡಿ. ಅಜ್ಜಿಯೂ ಕಟ್ಟೆ ಕಾಯುವುದು ತಪ್ಪುತ್ತದೆ. ಟ್ರಾವೆಲ್ ಏಜೆಂಟರು ಪ್ಯಾಕೇಜು ಹಿಡಿದು ಬಂದರೆ ಒಂದೇ ಪ್ರಶ್ನೆ ಕೇಳಿ: ಈ ಬ್ರೋಷರಿನಲ್ಲಿರುವ ಆಟಗಳಲ್ಲಿ 95 ಸೆಂಟಿಮೀಟರಿನ ಮಗುವನ್ನು ಬಿಡುವುದು ಎಷ್ಟಕ್ಕೆ? ಆ ಎತ್ತರದ ಪಟ್ಟಿಯನ್ನು ದರದ ಪಕ್ಕದಲ್ಲೇ, ದರದಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕದವರ ಬಳಿ ವ್ಯವಹರಿಸಬೇಡಿ. ಜೂನ್ ತಿಂಗಳಲ್ಲಿ ಎಲ್‌ಕೆಜಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ರಜೆಯಲ್ಲಿ ಎಲ್ಲಿಗೆ ಹೋಗಿದ್ರಿ?" ಎಂದು ಕೇಳುವ ಶಾಲೆಗಳು ಆ ಪ್ರಶ್ನೆಯನ್ನು ಕೈಬಿಡಲಿ; ಎಲ್ಲೂ ಹೋಗದ ಮಗು ಆ ಹೊತ್ತಿನಲ್ಲಿ ನೆಲ ನೋಡುತ್ತದೆ ಎಂಬುದು ಶಿಕ್ಷಕಿಯರಿಗೆ ಕಾಣದ್ದೇನಲ್ಲ. "ಎಲ್ಲೂ ಕರ್ಕೊಂಡ್ ಹೋಗಿಲ್ವಾ?" ಎನ್ನುವ ನೆಂಟರು ದಯವಿಟ್ಟು ಸುಮ್ಮನಿರಲಿ.

ಈ ಬೇಸಿಗೆಗೆ ಈಗಾಗಲೇ ಬುಕ್ ಮಾಡಿದ್ದೀರಾ? ರದ್ದು ಮಾಡಿ. ರದ್ದತಿ ಶುಲ್ಕ ಕಟ್ಟಿದರೂ ಉಳಿಯುವ ದುಡ್ಡು ಸಣ್ಣದಲ್ಲ.